ಮೊಮ್ಮಗುವಿನ ಪಾಸ್‌ಪೋರ್ಟಿಗೆ ಮೊದಲು ಓದಬೇಕಾದ ಪುಟ

ಅಮೆರಿಕದ ಅನೇಕ ಸಾರ್ವಜನಿಕ ಲೈಬ್ರರಿಗಳಲ್ಲಿ ಪೌರತ್ವ, ವಲಸೆಯ ಪುಸ್ತಕಗಳಿಗೆಂದೇ ಒಂದು ಮೂಲೆ ಇರುತ್ತದೆ. ನಮ್ಮ ದೆಹಲಿ, ನೋಯ್ಡಾ, ಗುರುಗ್ರಾಮದ ಕನ್ನಡಿಗರಿಗೂ ಅಂಥದ್ದೊಂದು ಕಪಾಟು ಬೇಕು ಅನ್ನುವುದು ನನ್ನ ಹಟ. ಸೊಸೆಯ ಬಾಣಂತನಕ್ಕೆ ವಿಮಾನ ಹತ್ತುವ ಅಜ್ಜಿಯರು ನನ್ನನ್ನು ಕೇಳುವುದು ಒಂದೇ: "ಮಗು ಅಲ್ಲಿ ಹುಟ್ಟಿದರೂ ನಮ್ಮ ದೇಶದ್ದೇ ತಾನೆ?" ವಾಟ್ಸಾಪ್ ಪಂಡಿತರಲ್ಲಿ ಹತ್ತು ಉತ್ತರಗಳಿವೆ!

ನಾನು ತೋರಿಸುವುದು 1955ರ ಪೌರತ್ವ ಕಾಯ್ದೆಯ 4ನೇ ಕಲಮನ್ನು. 2004ರ ಡಿಸೆಂಬರ್ 3ರಿಂದ ಈಚೆಗೆ ಹೊರದೇಶದಲ್ಲಿ ಹುಟ್ಟಿದ ಮಗು, ಅಪ್ಪ ಅಮ್ಮ ಭಾರತೀಯರಾಗಿದ್ದರೂ, ತಾನಾಗಿಯೇ ಭಾರತೀಯ ಆಗುವುದಿಲ್ಲ. ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಬೇಕು. ತಡವಾದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮುಖ್ಯವಾದದ್ದು ಇದು: ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ಹೆತ್ತವರು ಬರೆದುಕೊಡಬೇಕು. ನಾಮಕರಣಕ್ಕೆ ಊರಿಗೆ ಬರುವ ಅವಸರದಲ್ಲಿ ಅಮೆರಿಕದ ಪಾಸ್‌ಪೋರ್ಟ್ ಮಾಡಿಸಿಬಿಟ್ಟರೆ ಹಾಗೆ ಬರೆದುಕೊಡಲು ಬರುವುದಿಲ್ಲ.

ಆಮೇಲೆ ಉಳಿಯುವುದು ಓಸಿಐ ಕಾರ್ಡ್. ವೀಸಾದ ಚಿಂತೆ ಇಲ್ಲ, ಆದರೆ ಮತ ಹಾಕುವಂತಿಲ್ಲ, ಹೊಲ ಕೊಳ್ಳುವಂತಿಲ್ಲ. ಅನೇಕರಿಗೆ ಅಷ್ಟೇ ಸಾಕು, ತಪ್ಪೇನಿಲ್ಲ. ಗೊತ್ತಿದ್ದು ಆರಿಸಿಕೊಂಡರೆ ಸರಿ. ನೋಂದಾಯಿಸಿದ ಮಗುವಿಗೂ ಅಲ್ಲಿನ ಪೌರತ್ವ ಇದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡಬೇಕು. ಇಲ್ಲವಾದರೆ ಭಾರತದ ಪೌರತ್ವ ಹೋಗುತ್ತದೆ.

ನಮ್ಮ ಸಂಘಗಳ ಲೈಬ್ರರಿಗಳು ಕಾದಂಬರಿಗಳ ಪಕ್ಕ ಈ ತೆಳು ಪುಸ್ತಕವನ್ನೂ ಇಡಲಿ. ಅಂಗಡಿಯಲ್ಲಿ 'ಬೇರ್ ಆಕ್ಟ್' ಎಂದು ಕೇಳಿ, ಮುದ್ರಣದ ವರ್ಷ ನೋಡಿಕೊಳ್ಳಿ. ಕಾಯ್ದೆಗೆ 2003, 2015, 2019ರಲ್ಲಿ ತಿದ್ದುಪಡಿಗಳಾಗಿವೆ. ಸರ್ಕಾರದ 'ಇಂಡಿಯಾ ಕೋಡ್' ಜಾಲತಾಣದಲ್ಲಿ ಉಚಿತವಾಗಿಯೂ ಸಿಗುತ್ತದೆ.