ಓಬವ್ವನ ಹಾಡಿಗೆ ಕಂಠವಿತ್ತವರು

ಚಿತ್ರದುರ್ಗದ ಓಬವ್ವನ ಹೆಸರನ್ನು ಕೇಳದವರು ಕನ್ನಡ ನಾಡಿನಲ್ಲಿ ವಿರಳ. ಆಕೆಯ ಕಥೆಯನ್ನು ಮನೆಮನೆಗೆ ಮುಟ್ಟಿಸಿದ ಚಲನಚಿತ್ರಗೀತೆಯನ್ನು ಕೇಳದವರೂ ವಿರಳವೇ. ಆದರೆ ಆ ಗೀತೆಯನ್ನು ಹಾಡಿದವರು ಯಾರು? ಈ ಪ್ರಶ್ನೆಯನ್ನು ನಾನು ನಮ್ಮ ತರಗತಿಯಲ್ಲಿಯೇ ಕೇಳಿದೆ. ಹಿರಿಯೂರಿನಿಂದ ದಿನವೂ ಬಸ್ಸಿನಲ್ಲಿ ಬರುವ ಮಿತ್ರನೊಬ್ಬ ‘ವಿಷ್ಣುವರ್ಧನ್’ ಎಂದ. ಹೊಳಲ್ಕೆರೆಯ ಸಹಪಾಠಿನಿಯೊಬ್ಬಳು ‘ರಾಜಕುಮಾರ್ ಇರಬೇಕು’ ಎಂದಳು. ಹಾಡು ಪೂರ್ತಿ ಬಾಯಿಪಾಠ ಬರುವ ಇನ್ನೊಬ್ಬನಂತೂ, ‘ಹಾಡಿದವರು ಯಾರಾದರೇನು, ಹಾಡು ನಮ್ಮ ದುರ್ಗದ್ದು ತಾನೆ?’ ಎಂದು ವಾದಕ್ಕೇ ನಿಂತ. ಅವನ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೂ ಆ ಕಂಠದ ಋಣ ನಮ್ಮ ಜಿಲ್ಲೆಯ ಮೇಲಿದೆ ಎಂದು ತೋರಿದ್ದರಿಂದ ಈ ಲೇಖನಕ್ಕೆ ಕೈಹಾಕಿದ್ದೇನೆ.

ಹಾಡಿದವರು ಪಿ. ಬಿ. ಶ್ರೀನಿವಾಸ್. ಕನ್ನಡದವರೂ ಅಲ್ಲ, ದುರ್ಗದವರಂತೂ ಅಲ್ಲವೇ ಅಲ್ಲ. ೧೯೩೦ರ ಸೆಪ್ಟೆಂಬರ್ ೨೨ರಂದು ಆಂಧ್ರದ ಕಾಕಿನಾಡದಲ್ಲಿ ಹುಟ್ಟಿದ ತೆಲುಗರು. ‘ಪಿ. ಬಿ.’ ಎಂದರೆ ‘ಪ್ರತಿವಾದಿ ಭಯಂಕರ’! ವಾದದಲ್ಲಿ ಎದುರಾಳಿಗೆ ಭಯ ಹುಟ್ಟಿಸಿದ ಪೂರ್ವಿಕರಿಂದ ಬಂದ ವೈಷ್ಣವ ಮನೆತನದ ಹೆಸರು. ಅವರ ಕಂಠವನ್ನು ಕೇಳಿದವರಿಗೆ ಈ ಹೆಸರು ನಗು ತರಿಸೀತು. ಅಷ್ಟು ಮೃದುವಾದ ದನಿಗೆ ಹೆದರುವ ಪ್ರತಿವಾದಿ ಯಾರಿದ್ದಾನು? ವಾಣಿಜ್ಯ ಪದವೀಧರರಾಗಿದ್ದ ಅವರು ವೀಣಾ ವಿದ್ವಾಂಸ ಈಮನಿ ಶಂಕರಶಾಸ್ತ್ರಿಗಳ ಮೂಲಕ ಮದರಾಸಿನ ಜೆಮಿನಿ ಸ್ಟುಡಿಯೋ ಸೇರಿ, ೧೯೫೨ರ ‘ಮಿಸ್ಟರ್ ಸಂಪತ್’ ಎಂಬ ಹಿಂದಿ ಚಿತ್ರದಲ್ಲಿ ಮೊದಲು ಹಾಡಿದರು. ಮರುವರ್ಷವೇ ಕನ್ನಡಕ್ಕೆ ಬಂದರು. ಅಲ್ಲಿಂದ ಮುಂದೆ ರಾಜಕುಮಾರ್ ಅವರ ಹಾಡೆಂದರೆ ಶ್ರೀನಿವಾಸರ ಹಾಡು ಎಂಬಂತಾಯಿತು. ತಾನು ಬರಿಯ ಶರೀರ, ಶ್ರೀನಿವಾಸ್ ತನ್ನ ಶಾರೀರ ಎಂದು ರಾಜಕುಮಾರ್ ಹೇಳಿಕೊಳ್ಳುತ್ತಿದ್ದರು. ೧೯೬೦ರ ‘ಭಕ್ತ ಕನಕದಾಸ’ ಚಿತ್ರದಲ್ಲಿ ಕನಕನ ಪದಗಳನ್ನು ಹಾಡಿದ್ದೂ ಇವರೇ. ೧೯೭೪ರಲ್ಲಿ ‘ಸಂಪತ್ತಿಗೆ ಸವಾಲ್’ ಬಂದ ಮೇಲೆ ರಾಜಕುಮಾರ್ ತಾವೇ ಹಾಡತೊಡಗಿದರು. ಆ ಮೇಲೆ ಶ್ರೀನಿವಾಸರ ದನಿ ಕನ್ನಡದಲ್ಲಿ ಕಡಿಮೆಯಾಗುತ್ತ ಬಂತು.

ಹಿನ್ನೆಲೆ ಗಾಯನವೆಂಬುದು ವಿಚಿತ್ರವಾದ ಕಸುಬು. ಒಬ್ಬರು ಬರೆಯುತ್ತಾರೆ, ಒಬ್ಬರು ರಾಗ ಕೂಡಿಸುತ್ತಾರೆ, ಒಬ್ಬರು ಹಾಡುತ್ತಾರೆ, ಕೊನೆಗೆ ಬೇರೊಬ್ಬರು ತುಟಿಯಾಡಿಸುತ್ತಾರೆ. ಜನ ನೆನಪಿಡುವುದು ತುಟಿಯಾಡಿಸಿದವರನ್ನು. ಒಡಿಯಾ ನಾಡಿನ ಅಕ್ಷಯ ಮಹಾಂತಿಯವರಂತೆ ತಾವೇ ಬರೆದು ತಾವೇ ಹಾಡುವವರಿಗೆ ಹಾಡು ಸ್ವಂತ ಆಸ್ತಿ. ಹಿನ್ನೆಲೆ ಗಾಯಕನಿಗೋ, ತಾನಿದ್ದೇನೆಂಬುದು ಕೇಳುಗನಿಗೆ ಮರೆತುಹೋದಷ್ಟೂ ಗೆಲುವು.

ನಮ್ಮ ಹಾಡು ಬಂದದ್ದು ೧೯೭೨ರ ‘ನಾಗರಹಾವು’ ಚಿತ್ರದಲ್ಲಿ. ತ. ರಾ. ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿ ಪುಟ್ಟಣ್ಣ ಕಣಗಾಲರು ಇದೇ ಕೋಟೆಯಲ್ಲಿ ಚಿತ್ರೀಕರಿಸಿದರು. (ಕಾದಂಬರಿಕಾರರಿಗೆ ಚಿತ್ರ ಒಪ್ಪಿಗೆಯಾಗಲಿಲ್ಲವೆಂಬುದು ಬಲ್ಲವರಿಗೆಲ್ಲ ಗೊತ್ತು; ಆ ಜಗಳ ಇಲ್ಲಿ ಬೇಡ.) ಗೀತೆ ಚಿ. ಉದಯಶಂಕರರದು, ಸಂಗೀತ ವಿಜಯಭಾಸ್ಕರರದು. ಓಬವ್ವನಾಗಿ ನಿಂತವರು ಜಯಂತಿ. ಅದೇ ಚಿತ್ರದಲ್ಲಿ ರಾಮಾಚಾರಿಯ ಸಿಟ್ಟಿನ ಹಾಡನ್ನು ಆಗಿನ್ನೂ ತರುಣರಾಗಿದ್ದ ಎಸ್. ಪಿ. ಬಾಲಸುಬ್ರಹ್ಮಣ್ಯಂ ಹಾಡಿದ್ದಾರೆ. ಎರಡನ್ನೂ ಒಂದಾದ ಮೇಲೊಂದು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ಒಂದರಲ್ಲಿ ಹಾಡುವವನೇ ಕೋಪಗೊಂಡವನು. ಇನ್ನೊಂದರಲ್ಲಿ ಹಾಡುವವನು ಕಥೆ ಹೇಳುವವನು. ದುರ್ಗದ ಹೊಗಳಿಕೆ, ಹೈದರಾಲಿಯ ಮುತ್ತಿಗೆ, ಕಾವಲುಗಾರನ ಊಟ, ನೀರಿಗೆ ಹೋದ ಹೆಂಡತಿ, ಕಿಂಡಿ, ಒನಕೆ, ಸಾವು—ಇಷ್ಟೂ ಸಂಗತಿ ಕೆಲವೇ ನಿಮಿಷಗಳಲ್ಲಿ ಮುಗಿಯಬೇಕು. ಆವೇಶ ಏರಿದಾಗಲೂ ಶ್ರೀನಿವಾಸರ ಬಾಯಲ್ಲಿ ಒಂದಕ್ಷರ ಒಡೆಯುವುದಿಲ್ಲ. ಲಕಾರ ಳಕಾರ ಬೆರೆಯುವುದಿಲ್ಲ, ಮಹಾಪ್ರಾಣ ಜಾರುವುದಿಲ್ಲ. ನಮ್ಮಲ್ಲಿ ಕೆಲವರು ಪದವಿ ತರಗತಿಗೆ ಬಂದರೂ ಈ ಮಾತು ಹೇಳುವಂತಿಲ್ಲ!

ಇದು ಬರಿಯ ಉಚ್ಚಾರದ ಚೆಂದವಲ್ಲ. ನನ್ನ ತಾಯಿ ಹೊಸದುರ್ಗದ ಕಡೆಯ ಹಳ್ಳಿಯವರು. ಓದು ಬರಹ ಬಾರದು. ೧೭೭೯ರಲ್ಲಿ ದುರ್ಗ ಹೈದರನ ವಶವಾದದ್ದು ನನಗೆ ಪುಸ್ತಕದಿಂದ ತಿಳಿದದ್ದು. ಅವರಿಗೆ ಇಸವಿ ಗೊತ್ತಿಲ್ಲ. ಆದರೆ ಮದಕರಿನಾಯಕ, ಹೈದರಾಲಿ, ಓಬವ್ವ ಮೂವರೂ ಗೊತ್ತು. ಯಾರು ಒಳಗಿದ್ದರು, ಯಾರು ಹೊರಗಿದ್ದರು ಎಂಬುದೂ ಗೊತ್ತು. ಜಾತ್ರೆಯ ಧ್ವನಿವರ್ಧಕದಲ್ಲಿ, ರೇಡಿಯೋದಲ್ಲಿ ಕೇಳಿಯೇ ಕಲಿತರು. ‘ಅವ್ವಾ, ಆ ಹಾಡಿನಲ್ಲಿ ತಿಳಿಯದ ಮಾತು ಯಾವುದಾದರೂ ಐತಾ?’ ಎಂದು ಕೇಳಿದೆ. ‘ಬಿಡಿಸಿ ಬಿಡಿಸಿ ಹೇಳ್ಯಾನಲ್ಲಪ್ಪ, ತಿಳೀದೆ ಏನು?’ ಎಂದರು. ಜನರ ಬಾಯಲ್ಲಿ ಉಳಿದುಬಂದ ಕಥೆ ಸಿನಿಮಾದ ದಾರಿ ಹಿಡಿದು ಮತ್ತೆ ಜನರ ಬಾಯಿಗೇ ಬಂದು ಸೇರಿತು. ನಡುವೆ ಅದನ್ನು ಹೊತ್ತು ತಂದ ದನಿ ಮಸುಕಾಗಿದ್ದರೆ, ಓದಬಲ್ಲವರಿಗೆ ನಷ್ಟವೇನೂ ಇರಲಿಲ್ಲ. ನಮ್ಮ ಮನೆಯಂಥ ಮನೆಗಳಿಗೆ ಇತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡಿತು. ಶ್ರೀನಿವಾಸರು ಸ್ವತಃ ಕವಿ. ಎಂಟು ಭಾಷೆಗಳಲ್ಲಿ ಪದ್ಯ ಬರೆಯುತ್ತಿದ್ದರು. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ, ಅದು ೨೦೦೮ರಲ್ಲಿ ಮುಚ್ಚುವವರೆಗೂ, ಜೇಬಿನ ತುಂಬ ಬಣ್ಣಬಣ್ಣದ ಲೇಖನಿಗಳನ್ನಿಟ್ಟುಕೊಂಡು ಬರೆಯುತ್ತ ಕೂರುವುದು ಅವರ ರೂಢಿ. ತಮ್ಮದೇ ಮಾತುಗಳು ಇಷ್ಟಿದ್ದ ಮನುಷ್ಯ ಬಾಳೆಲ್ಲ ಪರರ ಮಾತಿಗೆ ಕಂಠ ಕೊಟ್ಟರು, ಅದೂ ಅದು ತಮ್ಮದೇ ಮಾತೆಂಬಷ್ಟು ಅಕ್ಕರೆಯಿಂದ. ಪದ್ಯದ ಬೆಲೆ ತಿಳಿದವರಾದ್ದರಿಂದಲೇ ಉದಯಶಂಕರರ ಒಂದು ಅಕ್ಷರವನ್ನೂ ನುಂಗಲಿಲ್ಲವೆಂದು ನನ್ನ ಊಹೆ. ೨೦೧೩ರ ಏಪ್ರಿಲ್ ೧೪ರಂದು ಚೆನ್ನೈಯಲ್ಲಿ ತೀರಿಕೊಂಡರು.

ಇಂದು ಊರಿನಲ್ಲಿ ಓಬವ್ವನ ಪ್ರತಿಮೆಯಿದೆ, ಆಕೆಯ ಹೆಸರಿನ ಕ್ರೀಡಾಂಗಣವಿದೆ. ೨೦೨೧ರಿಂದ ನವೆಂಬರ್ ೧೧ರಂದು ಸರಕಾರವೇ ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ಶಾಲೆಯ ಹೆಣ್ಣುಮಕ್ಕಳು ಕಚ್ಚೆ ಸೀರೆಯುಟ್ಟು ಒನಕೆ ಹಿಡಿದು ಈ ಹಾಡಿಗೆ ಕುಣಿಯದ ವಾರ್ಷಿಕೋತ್ಸವ ಆರೂ ತಾಲ್ಲೂಕುಗಳಲ್ಲಿ ಇಲ್ಲವೆಂದೇ ಹೇಳಬೇಕು. ನಮ್ಮ ಕಾಲೇಜಿನ ವೇದಿಕೆಯ ಮೇಲೂ ಈ ವರ್ಷ ಅದು ಇದ್ದೇ ಇರುತ್ತದೆ. ಸಾಂಸ್ಕೃತಿಕ ಸಂಘದ ಕಾರ್ಯದರ್ಶಿಗಳಲ್ಲಿ ನನ್ನದೊಂದು ವಿನಂತಿ: ಹಾಡು ಹಾಕುವ ಮೊದಲು ಬರೆದವರು, ರಾಗ ಕೂಡಿಸಿದವರು, ಹಾಡಿದವರು, ಈ ಮೂರು ಹೆಸರುಗಳನ್ನೂ ಧ್ವನಿವರ್ಧಕದಲ್ಲಿ ಓದಿಸಬೇಕು. ಅರ್ಧ ನಿಮಿಷವೂ ಹಿಡಿಯುವುದಿಲ್ಲ.