ನಂದಿಬೆಟ್ಟದ ತಪ್ಪಲಿಗೆ ಬಂದ ಶಾಂಪೇನಿನ ಕೃಷಿಪಾಠ

ಕ್ರಿಸ್ಮಸ್ ಹಬ್ಬ ಸಮೀಪಿಸುತ್ತಿದ್ದಂತೆ ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕುಸ್ವಾರಿನ ತಯಾರಿಯೊಂದಿಗೆ ದ್ರಾಕ್ಷಾರಸದ ಭರಣಿಗಳೂ ಸಿದ್ಧಗೊಳ್ಳುತ್ತವೆ. ಬಲಿಪೂಜೆಯಲ್ಲಿ ಅರ್ಪಿತವಾಗುವ ದ್ರಾಕ್ಷಾರಸವು ಶುದ್ಧ ದ್ರಾಕ್ಷಿಯಿಂದಲೇ ಆದುದಾಗಿರಬೇಕೆಂದು ಧರ್ಮಸಭೆಯ ಕಾನೂನು ವಿಧಿಸುತ್ತದೆ. ದ್ರಾಕ್ಷಿಯೊಡನೆ ನಮ್ಮ ನಂಟು ಇಷ್ಟು ನಿಕಟವಾಗಿದ್ದರೂ ಆ ಬಳ್ಳಿಯನ್ನು ಬೆಳೆಸುವವರ ಬಾಳನ್ನು ನಾವು ಅರಿತಿರುವುದು ಅತ್ಯಲ್ಪ. ವರ್ಷಕ್ಕೆ 3,000 ಮಿಲಿಮೀಟರಿಗೂ ಅಧಿಕ ಮಳೆ ಸುರಿಯುವ ನಮ್ಮ ಕರಾವಳಿ ಈ ಬಳ್ಳಿಗೆ ಒಗ್ಗದು. ಅದನ್ನು ಕಾಣಬೇಕಾದರೆ ಘಟ್ಟವೇರಿ ದೊಡ್ಡಬಳ್ಳಾಪುರದತ್ತ ಸಾಗಬೇಕು.

ಉದ್ಯಮಿ ಕನ್ವಲ್ ಗ್ರೋವರ್ ವ್ಯವಹಾರದ ನಿಮಿತ್ತ ಫ್ರಾನ್ಸಿಗೆ ಹೋಗಿಬರುತ್ತಿದ್ದರು. ಅಲ್ಲಿನ ದ್ರಾಕ್ಷಾರಸದ ರುಚಿ ಕಂಡ ಅವರು, ಅದೇ ತಳಿಗಳನ್ನು ಭಾರತದ ಮಣ್ಣಿನಲ್ಲಿ ಬೆಳೆಸುವ ಸಂಕಲ್ಪ ಮಾಡಿದರು. ಈ ಕಾರ್ಯದಲ್ಲಿ ಅವರಿಗೆ ಹೆಗಲು ಕೊಟ್ಟವರು ಶಾಂಪೇನ್ ಪ್ರಾಂತ್ಯದ ಬೂಝಿ ಗ್ರಾಮದ ದ್ರಾಕ್ಷಿ ಕೃಷಿ ತಜ್ಞ ಜಾರ್ಜ್ ವೆಸೆಲ್. ತಕ್ಕ ನೆಲದ ಹುಡುಕಾಟಕ್ಕೇ ಹಲವು ವರ್ಷಗಳು ಸಂದವು. ಕೊನೆಗೆ ನಂದಿಬೆಟ್ಟದ ತಪ್ಪಲನ್ನು ಆರಿಸಿ 1988ರಲ್ಲಿ ತೋಟವನ್ನು ಆರಂಭಿಸಿದರು. ಮೊದಲ ದ್ರಾಕ್ಷಾರಸ ಹೊರಬಂದುದು 1992ರಲ್ಲಿ. ಮಗ ಕಪಿಲ್ ತಂದೆಯ ಕಾರ್ಯವನ್ನು ಮುಂದುವರಿಸಿದರೆ, ಮೊಮ್ಮಗಳು ಕರಿಷ್ಮಾ ಕ್ಯಾಲಿಫೋರ್ನಿಯಾದಲ್ಲಿ ಈ ವಿದ್ಯೆಯನ್ನು ಕಲಿತು ಮರಳಿ ತೋಟದ ಕೆಲಸದಲ್ಲಿ ತೊಡಗಿದರು.

ಫ್ರಾನ್ಸಿನ ಬಳ್ಳಿಯನ್ನು ತಂದು ನೆಟ್ಟ ಮಾತ್ರಕ್ಕೆ ಫ್ರಾನ್ಸಿನ ಬೆಳೆ ಬಾರದು. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ತಾನಾಗಿ ನಿದ್ರಿಸುತ್ತದೆ; ಆಗ ಒಮ್ಮೆ ಸವರಿದರಾಯಿತು. ನಮ್ಮಲ್ಲಿ ಅದಕ್ಕೆ ನಿದ್ರೆಯಿಲ್ಲ. ಆದ್ದರಿಂದ ವಿಜಯಪುರದ ಕಡೆಯ ರೈತರು ಚಾಟನಿ ಎಂದು ಕರೆಯುವ ಸವರುವಿಕೆಯನ್ನು ವರ್ಷಕ್ಕೆ ಎರಡು ಬಾರಿ ಮಾಡಬೇಕು. ಕೊಯ್ಲಿನ ನಂತರ ಒಮ್ಮೆ, ಮಳೆಗಾಲ ಹಿಂದೆ ಸರಿಯುವಾಗ ಮತ್ತೊಮ್ಮೆ. ಎರಡು ಬಾರಿ ಸವರಿದರೂ ಒಳ್ಳೆಯ ದ್ರಾಕ್ಷಾರಸಕ್ಕಾಗಿ ಕೊಯ್ಯುವುದು ಒಂದೇ ಬೆಳೆ. ಶಾಂಪೇನಿನಲ್ಲಿ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುವ ಕೊಯ್ಲು ಇಲ್ಲಿ ಬೇಸಿಗೆಯ ಆರಂಭದಲ್ಲಿ ನಡೆಯುತ್ತದೆ. ಗುರುವಿನ ವಿದ್ಯೆಯನ್ನು ಸ್ವಂತ ನೆಲದ ಗುಣಕ್ಕೆ ಹೊಂದಿಸಿಕೊಂಡುದರಲ್ಲಿಯೇ ಈ ತೋಟದ ಸಾರ್ಥಕ್ಯವಿದೆ.

ಆ ಗುರುವಿನ ನಾಡಿನ ಚರಿತ್ರೆಯೂ ಮನನೀಯ. ಫ್ರಾನ್ಸಿನ ಉತ್ತರಕ್ಕಿರುವ ಶಾಂಪೇನ್ ಸುಣ್ಣದ ಕಲ್ಲಿನ ತಂಪು ಪ್ರದೇಶ. ಕಪ್ಪು ದ್ರಾಕ್ಷಿಯನ್ನು ಸಹ ಮೃದುವಾಗಿ ಹಿಂಡಿ, ಸಿಪ್ಪೆಯ ಬಣ್ಣ ಇಳಿಯದಂತೆ ಬಿಳಿಯ ರಸವನ್ನು ತೆಗೆಯುವುದು ಅಲ್ಲಿನ ಕುಶಲತೆ. ಆ ರಸವು ಸೀಸೆಯೊಳಗೆ ಎರಡನೆಯ ಬಾರಿ ಹುದುಗುವುದರಿಂದ ನೊರೆ ಮೂಡುತ್ತದೆ. ಓವಿಲೇರ್ ಮಠದ ಬೆನೆಡಿಕ್ಟೈನ್ ಸನ್ಯಾಸಿ ದೋಂ ಪೆರಿನ್ಯೋ ಆ ನೊರೆಯನ್ನು ಕಂಡುಹಿಡಿದರೆಂಬುದು ದಂತಕಥೆ ಮಾತ್ರ. 1715ರಲ್ಲಿ ನಿಧನರಾದ ಅವರು ನಿಜವಾಗಿ ಸಾಧಿಸಿದ್ದು ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವರಿತು ಬೆರೆಸುವ ವಿದ್ಯೆಯನ್ನು. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ಮಠಗಳ ಆಸ್ತಿಯೆಲ್ಲ ಸರಕಾರದ ವಶವಾಯಿತು. ಆದರೂ ಸನ್ಯಾಸಿಗಳು ಬೆಳೆಸಿದ ವಿದ್ಯೆ ಅಳಿಯಲಿಲ್ಲ. ರೈತ ಕುಟುಂಬಗಳು ಅದನ್ನು ಉಳಿಸಿಕೊಂಡವು.

ಅದೇ ಪ್ರಾಂತ್ಯದಲ್ಲಿ 1772ರಲ್ಲಿ ಸ್ಥಾಪಿತವಾದ ಕ್ಲಿಕೋ ಕುಟುಂಬದ ಸಂಸ್ಥೆ 1805ರಲ್ಲಿ ಯಜಮಾನನನ್ನು ಕಳೆದುಕೊಂಡಿತು. ಎಳೆಯ ಮಗಳೊಡನೆ ಉಳಿದ ವಿಧವೆ ಬಾರ್ಬ್ ನಿಕೋಲ್‌ಗೆ ಆಗ 27 ವರ್ಷ. ಮಾವನ ಒಪ್ಪಿಗೆ ಪಡೆದು ಅವರು ವ್ಯವಹಾರವನ್ನು ಕೈಗೆತ್ತಿಕೊಂಡು, ಯುದ್ಧಕಾಲದ ಸಂಕಟಗಳನ್ನು ದಾಟಿ ಅದನ್ನು ಕೀರ್ತಿಗೆ ತಂದರು. 1866ರಲ್ಲಿ ಅವರು ತೀರಿಕೊಂಡ ಮೇಲೆ ಸಂಸ್ಥೆ ಪಾಲುದಾರರ ಕೈ ಸೇರಿತು. ವಿಧವೆ ಕ್ಲಿಕೋ ಎಂಬ ಹೆಸರಿನ ಆ ಸಂಸ್ಥೆಯೇ 1990ರ ದಶಕದಲ್ಲಿ ನಮ್ಮ ನಂದಿ ತಪ್ಪಲಿನ ತೋಟದಲ್ಲಿ ಪಾಲು ಹೂಡಿತ್ತು ಎಂಬುದು ಗಮನಾರ್ಹ. ಗ್ರೋವರ್ ಸಂಸ್ಥೆಯೂ 2012ರಲ್ಲಿ ನಾಸಿಕ್ ಕಡೆಯ ಇನ್ನೊಂದು ಸಂಸ್ಥೆಯೊಡನೆ ಒಂದಾಗಿ ಗ್ರೋವರ್ ಝಾಂಪಾ ಎನಿಸಿತು.

ಮಠವಾಗಲಿ, ವಿಧವೆಯ ಮನೆತನವಾಗಲಿ, ಗ್ರೋವರ್ ಕುಟುಂಬವಾಗಲಿ ಒಡೆತನವನ್ನು ಎಂದೆಂದಿಗೂ ತಮ್ಮಲ್ಲೇ ಇರಿಸಿಕೊಳ್ಳಲಾಗಲಿಲ್ಲ. ಆಸ್ತಿಪತ್ರದ ಹೆಸರು ಬದಲಾಗುತ್ತದೆ. ಆದರೆ ಬಳ್ಳಿಯನ್ನು ಎಲ್ಲಿ ಸವರಬೇಕು, ಯಾವಾಗ ಕೊಯ್ಯಬೇಕು ಎಂಬ ಅರಿವು ಒಬ್ಬರಿಂದ ಇನ್ನೊಬ್ಬರಿಗೆ ಸಂದುದರಿಂದ ತೋಟಗಳು ಉಳಿದವು.

ಈ ಮಾತು ನಮ್ಮ ಕುಟುಂಬಗಳಿಗೂ ಸಲ್ಲುತ್ತದೆ. ಸೆಪ್ಟೆಂಬರ್ 8ರ ಮೊಂತಿ ಹಬ್ಬದಂದು ನಾವು ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ತರುತ್ತೇವೆ. ಆದರೆ ನಗರದ ಎಷ್ಟು ಕುಟುಂಬಗಳಿಗೆ ಇಂದು ಸ್ವಂತ ಗದ್ದೆಯ ತೆನೆಯಿದೆ? ಮಕ್ಕಳು ಮುಂಬಯಿ, ಕೊಲ್ಲಿ ನಾಡು, ಕೆನಡಾಗಳಲ್ಲಿ ನೆಲೆಸಿದ್ದಾರೆ. ಹಿರಿಯರ ಗದ್ದೆ ಹಡಿಲು ಬಿದ್ದಿದೆ, ಇಲ್ಲವೇ ನಿವೇಶನವಾಗಿ ಮಾರಾಟವಾಗಿದೆ. ಹೋದವರನ್ನು ದೂಷಿಸುವುದು ತರವಲ್ಲ. ಅವರ ದುಡಿಮೆಯಿಂದಲೇ ಹಲವು ಮನೆಗಳು ತಲೆಯೆತ್ತಿವೆ. ಆದರೆ ನೀರು ಯಾವ ಕಡೆಯಿಂದ ಹರಿಯುತ್ತದೆ, ಯಾವ ಬೀಜ ನಮ್ಮ ಬಯಲಿಗೆ ಒಗ್ಗುತ್ತದೆ ಎಂಬುದು ಯಾವ ಪತ್ರದಲ್ಲೂ ಬರೆದಿಲ್ಲ. ಅದು ಅಜ್ಜ ಅಜ್ಜಿಯರ ನೆನಪಿನಲ್ಲಿದೆ. ಅವರೊಡನೆ ಅದೂ ಮಣ್ಣು ಸೇರಿದರೆ ಹಣ ತೆತ್ತು ಮರಳಿ ಪಡೆಯಲಾಗದು.

ಯೊವಾನ್ನರ ಶುಭಸಂದೇಶದ 15ನೆಯ ಅಧ್ಯಾಯದಲ್ಲಿ ಯೇಸುಸ್ವಾಮಿ ದ್ರಾಕ್ಷಾಬಳ್ಳಿಯ, ತೋಟಗಾರನ ಹೋಲಿಕೆಯನ್ನು ಬಳಸಿದ್ದಾರೆ. ಬರುವ ರಜೆಯಲ್ಲಿ ಮಕ್ಕಳು ಊರಿಗೆ ಬಂದಾಗ ಹಿರಿಯರು ಅವರ ಕೈಹಿಡಿದು ಒಮ್ಮೆ ಗದ್ದೆಯ ಅಂಚಿನಲ್ಲಿ ನಡೆಯಲಿ. ತಮಗೆ ತಿಳಿದುದನ್ನು ಹೇಳಲಿ. ಮಾರುವ ನಿರ್ಧಾರವನ್ನು ಮಾಡುವುದಾದರೂ ಆ ನಡಿಗೆಯ ನಂತರವೇ ಮಾಡೋಣ.