ಕಾರ್ಯಯೋಜನೆಯಲ್ಲಿ ಸಂದೇಶಕ್ರಮ: ಉಡುಪಿಯ ಪರ್ಯಾಯದ ನಿದರ್ಶನ

ಧನವೂ ಜನವೂ ಇದ್ದು, ಸಕಾಲದಲ್ಲಿ ಸುದ್ದಿ ಮುಟ್ಟದೆ ಕೆಡುವ ಕಾರ್ಯಗಳುಂಟು. ಉಡುಪಿಯ ಕೃಷ್ಣಮಠದಲ್ಲಿ ಅಷ್ಟಮಠಗಳ ಎರಡು ತಿಂಗಳ ಸರದಿಯನ್ನು 16ನೆಯ ಶತಮಾನದಲ್ಲಿ ವಾದಿರಾಜರು ಎರಡು ವರ್ಷಗಳಿಗೆ ವಿಸ್ತರಿಸಿದರು. ಪೂಜೆಯೊಡನೆ ನಿತ್ಯದ ಅನ್ನದಾನದ ಹೊಣೆಯೂ ಪರ್ಯಾಯಮಠದ್ದೇ. ಅಧಿಕಾರ ವಹಿಸಿಕೊಳ್ಳುವುದಕ್ಕೆ ಸುಮಾರು ಒಂದು ವರ್ಷ ಮೊದಲೇ ಬಾಳೆ ಮುಹೂರ್ತವೂ, ಅನಂತರ ಅಕ್ಕಿ, ಕಟ್ಟಿಗೆ, ಭತ್ತದ ಮುಹೂರ್ತಗಳೂ ಬಹಿರಂಗವಾಗಿ ನಡೆಯುತ್ತವೆ. ಇವು ಧಾರ್ಮಿಕ ವಿಧಿಗಳಾಗಿರುವಂತೆಯೇ ಸಿದ್ಧತೆಯ ಸೂಚನೆಗಳೂ ಆಗಿವೆಯೆಂದು ನಾವು ಭಾವಿಸುತ್ತೇವೆ. ಬಾಳೆ ಗೊನೆಬಿಡಲು ತಿಂಗಳುಗಳು ಬೇಕು. ನೆಡುವ ಕಾಲ ಮೀರಿದ ಮೇಲೆ ಬಂದ ಓಲೆಯಿಂದ ಊಟಕ್ಕೆ ಎಲೆ ದೊರೆಯದು. ಕಾಪು, ಕಾರ್ಕಳಗಳ ಭಕ್ತರೂ ಈ ಕ್ರಮವನ್ನರಿತು ಹೊರೆಕಾಣಿಕೆಯನ್ನು ಸಜ್ಜುಗೊಳಿಸಬಲ್ಲರು. ಇಂದಿನ ಯೋಜನಾಧಿಕಾರಿಯೂ ವರದಿಗಳನ್ನು ಹೆಚ್ಚಿಸುವ ಮೊದಲು, ಯಾವ ಸಿದ್ಧತೆಗೆ ಎಷ್ಟು ಕಾಲ ಬೇಕೆಂಬುದನ್ನು ಎಣಿಸಿ, ಯಾರಿಗೆ ಯಾವಾಗ ತಿಳಿಸಬೇಕೆಂಬುದನ್ನು ನಿರ್ಣಯಿಸತಕ್ಕದ್ದು.